ಬಿಟ್ಟುಕೊಟ್ಟ ಗುಳಿ

ನಾನು ಮಾಡಿದ ಅಳಗುಳಿಮಣೆ ಇಲ್ಲದ ಮನೆ ನಮ್ಮೂರಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಅಂದರೆ, ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ. ಬೇರೆ ಊರುಗಳಲ್ಲಿ ಬಡಗಿಗಳು ಬಾಗಿಲು, ಕಿಟಕಿ, ಮಂಚ ಮಾಡಿ ಬದುಕುತ್ತಾರಂತೆ. ನಮ್ಮೂರಿನಲ್ಲಿ ಬಾಗಿಲಿಲ್ಲದ ಮನೆಯಲ್ಲಿ ಸಂಸಾರ ನಡೆದೀತು, ಮಣೆಯಿಲ್ಲದ ಮನೆಯಲ್ಲಿ ನಡೆಯುವುದಿಲ್ಲ. ಯಾಕೆಂದರೆ ಇಲ್ಲಿ ಇಬ್ಬರು ಜಗಳವಾಡಿದರೆ ಆ ಗಳಿಗೆಯಿಂದ ಒಬ್ಬರ ಮಾತಾಗಲಿ ನಗುವಾಗಲಿ ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಮಿಕ್ಕ ಸದ್ದೆಲ್ಲ ಕೇಳುತ್ತದೆ. ಕಾಗೆ ಕೂಗುವುದು, ಒಗ್ಗರಣೆ ಸಿಡಿಯುವುದು, ಪಕ್ಕದ ಮನೆಯವರ ಕೆಮ್ಮು, ಎಲ್ಲವೂ. ಜಗಳವಾಡಿದವರ ತುಟಿ ಮಾತ್ರ ಸುಮ್ಮನೆ ಅಲ್ಲಾಡುತ್ತಿರುತ್ತದೆ. ಚೀಟಿ ಬರೆದುಕೊಟ್ಟರೂ ಪ್ರಯೋಜನವಿಲ್ಲ, ಅಕ್ಷರಗಳು ಕಾಣಿಸುತ್ತವೆ, ಓದಲು ಬರುವುದಿಲ್ಲ. ಇಬ್ಬರೂ ಎದುರುಬದುರು ಕೂತು ಒಂದು ಆಟ ಪೂರ್ತಿ ಆಡಿ ಮುಗಿಸಿದ ಮೇಲೆ ಕಿವಿ ತೆರೆಯುತ್ತದೆ. ಯಾರು ಗೆದ್ದರು, ಯಾರು ಸೋತರು ಎನ್ನುವುದು ಮುಖ್ಯವಲ್ಲ.

ಹಾಗಾಗಿ ನಮ್ಮೂರಿನಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ಯಾವ ಬೀದಿಯಲ್ಲಿ ನಡೆದರೂ ಗುಳಿಗೆ ಹುಣಸೆಬೀಜ ಬೀಳುವ ಸದ್ದು ಕೇಳುತ್ತದೆ. ಹಿಂದಿನ ದಿನದ ಜಗಳಗಳನ್ನು ಜನ ಕಾಫಿಗೆ ಮುಂಚೆ ಮುಗಿಸಿಕೊಳ್ಳುತ್ತಾರೆ. ಹೊಸದಾಗಿ ಮದುವೆಯಾದವರ ಮನೆಯಲ್ಲಿ ಎರಡೆರಡು ಮಣೆ ಇರುವುದುಂಟು. ಒಂದೇ ಒಂದು ವಿಷಯಕ್ಕೆ ಎಲ್ಲರೂ ಹೆದರುತ್ತಾರೆ. ಕಿವಿ ಮುಚ್ಚಿದ ಹಾಗೆಯೇ ಒಬ್ಬರು ಸೇತುವೆ ದಾಟಿ ಊರು ಬಿಟ್ಟರೆ ಅದು ಮತ್ತೆ ತೆರೆಯುವುದಿಲ್ಲ, ಆಮೇಲೆ ನೂರು ಆಟ ಆಡಿದರೂ. ಎಣ್ಣೆ ಅಂಗಡಿಯ ಬೋರಣ್ಣನ ತಮ್ಮ ಹಾಗೇ ಹೋದವನು. ವರ್ಷಕ್ಕೊಮ್ಮೆ ಬರುತ್ತಾನೆ. ಅಣ್ಣತಮ್ಮ ಇಬ್ಬರೂ ಅಂಗಡಿಯ ಮುಂದೆ ಕೂತು ಇಡೀ ಮಧ್ಯಾಹ್ನ ನೆಲಗಡಲೆ ಸುಲಿಯುತ್ತಾರೆ. ಸಿಟ್ಟು ಯಾವತ್ತೋ ಇಳಿದುಹೋಗಿದೆ. ಆದರೂ ಒಬ್ಬನ ದನಿ ಇನ್ನೊಬ್ಬನಿಗೆ ಈ ಜನ್ಮದಲ್ಲಿ ಕೇಳಿಸುವುದಿಲ್ಲ.

ಮಣೆ ಒಯ್ಯಲು ಬಂದವರಿಗೆ ಆಟವನ್ನೂ ನಾನೇ ಹೇಳಿಕೊಡುತ್ತೇನೆ. ನಿಮ್ಮ ಕಡೆ ಏಳು ಗುಳಿ, ಎದುರಿನವರ ಕಡೆ ಏಳು ಗುಳಿ. ಗುಳಿಗೆ ಐದರಂತೆ ಬೀಜ. ನಿಮ್ಮ ಕಡೆಯ ಯಾವುದಾದರೂ ಒಂದು ಗುಳಿಯ ಬೀಜಗಳನ್ನೆಲ್ಲ ಎತ್ತಿಕೊಂಡು ಬಲಕ್ಕೆ ಒಂದೊಂದು ಗುಳಿಗೆ ಒಂದೊಂದು ಹಾಕುತ್ತ ಹೋಗಿ, ನಿಮ್ಮ ಸಾಲು ಮುಗಿದರೆ ಅವರ ಸಾಲಿಗೆ ತಿರುಗಿ. ಕೈ ಖಾಲಿಯಾದಾಗ ಮುಂದಿನ ಗುಳಿಯದನ್ನು ಎತ್ತಿಕೊಂಡು ಮುಂದುವರಿಸಿ. ಮುಂದಿನ ಗುಳಿ ಖಾಲಿ ಇದ್ದರೆ ಅದರಾಚೆಯ ಗುಳಿಯಲ್ಲಿ ಇದ್ದಷ್ಟೂ ನಿಮ್ಮದು, ಅಲ್ಲಿಗೆ ನಿಮ್ಮ ಸರದಿ ಮುಗಿಯಿತು. ಎರಡು ಗುಳಿ ಒಟ್ಟಿಗೆ ಖಾಲಿ ಸಿಕ್ಕಿದರೆ ನಿಮಗೆ ಚಿಪ್ಪೇ ಗತಿ. ನಡುವೆ ಯಾವ ಗುಳಿಯಲ್ಲಾದರೂ ಸರಿಯಾಗಿ ನಾಲ್ಕು ಬೀಜ ಕೂಡಿದರೆ ಅದು ಹಸು. ಯಾರ ಸಾಲಿನಲ್ಲಿ ಈಯಿತೋ ಅವರು ಕಟ್ಟಿಕೊಳ್ಳಬೇಕು. ಒಂದು ಸುತ್ತು ಮುಗಿದ ಮೇಲೆ ಗೆದ್ದ ಬೀಜಗಳನ್ನು ಮತ್ತೆ ಐದರಂತೆ ತುಂಬಿ. ತುಂಬಲಾಗದ ಗುಳಿಯ ಮೇಲೆ ಒಂದು ಕಡ್ಡಿ ಇಟ್ಟು ಮುಚ್ಚಿ. ಒಂದು ಗುಳಿಯನ್ನೂ ತುಂಬಲಾಗದವನು ಸೋತ.

ಇಷ್ಟು ಹೇಳಿ ಕೊನೆಯಲ್ಲಿ ಗಂಟಲು ಸರಿಮಾಡಿಕೊಂಡು ಇನ್ನೊಂದು ಹೇಳುತ್ತೇನೆ. ಬಿಟ್ಟುಕೊಡಬಾರದು. ಪಾಪ ಎಂದೋ, ಪ್ರೀತಿಯಿಂದಲೋ, ಬೇಗ ಮುಗಿಯಲಿ ಎಂದೋ ಬೇಕೆಂತಲೇ ಸೋತರೆ ಅದು ಆಟವಲ್ಲ, ಕಿವಿ ತೆರೆಯುವುದಿಲ್ಲ. ಇಬ್ಬರೂ ಗೆಲ್ಲಲೆಂದೇ ಆಡಬೇಕು. ನಲವತ್ತು ವರ್ಷದಿಂದ ಊರಿಗೆಲ್ಲ ಈ ಉಪದೇಶ ಮಾಡಿದವನು ನಾನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ನನಗಿರುವುದು ಒಬ್ಬಳೇ ಮಗಳು, ವಾರಿಜಾ. ದನದ ಆಸ್ಪತ್ರೆಯಲ್ಲಿ ಕೆಲಸ. ನನ್ನಷ್ಟೇ ಎತ್ತರ, ನನ್ನದೇ ಮೂಗು, ಕೋಪವೂ ನನ್ನದೇ ಎಂದು ಹೆಂಡತಿ ಸುಗುಣ ಹೇಳುತ್ತಾಳೆ. ಆದರೆ ಇಪ್ಪತ್ತಮೂರು ವರ್ಷದಲ್ಲಿ ನನಗೂ ಅವಳಿಗೂ ಒಂದು ದಿನವೂ ಕಿವಿ ಮುಚ್ಚಿದ್ದಿಲ್ಲ. ಇದನ್ನು ನಾನು ಕಟ್ಟೆಯ ಮೇಲೆ ಕೂತು ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಜಗಳವಿಲ್ಲದಿದ್ದರೂ ನಾವು ದಿನಾ ಸಂಜೆ ಆಡುತ್ತಿದ್ದೆವು, ಬರೀ ಖುಷಿಗೆ. ಅವಳು ನಾಲ್ಕು ವರ್ಷದವಳಿದ್ದಾಗ ತೊಡೆಯ ಮೇಲೆ ಕೂರಿಸಿಕೊಂಡು ಆಡಿಸಲು ಶುರುಮಾಡಿದ್ದು. ಒಂದು ಗುಳಿಯನ್ನು ಖಾಲಿ ಮಾಡಿ ಅದರಾಚೆಯದನ್ನು ತುಂಬಿಟ್ಟು ನಾನು ಆಕಾಶ ನೋಡುತ್ತಿದ್ದೆ. ಅವಳು ಅದನ್ನು ಹಿಡಿ ತುಂಬ ಬಾಚಿಕೊಂಡು ಕುಣಿಯುತ್ತಿದ್ದಳು. ದೊಡ್ಡವಳಾದ ಮೇಲೂ ಅದೇ ಅಭ್ಯಾಸ. ಮೂರು ಆಟಕ್ಕೆ ಎರಡನ್ನು ಅವಳಿಗೆ ಬಿಟ್ಟುಕೊಡುವುದು, ಒಂದನ್ನು ಮರ್ಯಾದೆಗೆ ಗೆಲ್ಲುವುದು. ಹೆತ್ತವರ ಸುಖಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದಿದೆಯೋ ನನಗಂತೂ ಗೊತ್ತಿಲ್ಲ.

ಎಮ್ಮೆಗೆ ಔಷಧಿ ಕೇಳಲು ಸೇತುವೆಯಾಚೆಯಿಂದ ಬರುತ್ತಿದ್ದ ತ್ರಿಯಂಬಕ ಎಂಬ ಹುಡುಗ, ಎಮ್ಮೆ ಗುಣವಾದ ಮೇಲೂ ಬರುತ್ತಲೇ ಇದ್ದ. ಒಳ್ಳೆಯ ಹುಡುಗ. ಮದುವೆ ಗೊತ್ತಾಯಿತು. ನಾನು ಆ ದಿನವೇ ಹಳೆಯ ಹಲಸಿನ ಹಲಗೆಯನ್ನು ಹೊರಗೆ ತೆಗೆದೆ. ಮಗಳಿಗೆ ಮಣೆ ಕೊಡುವುದು ನಮ್ಮೂರ ತಂದೆಯರ ಪದ್ಧತಿ, ನಾನಂತೂ ಅದನ್ನೇ ಕಸುಬು ಮಾಡಿಕೊಂಡವನು. ಅಂಚಿಗೆ ಬಳ್ಳಿ, ನಾಲ್ಕು ಮೂಲೆಗೆ ನಾಲ್ಕು ಹಸು ಕೆತ್ತಿದೆ. ಮದುವೆಗೆ ಒಂಬತ್ತು ದಿನವಿರುವಾಗ ಎಣ್ಣೆ ಒರೆಸಿ ಅವಳ ಮುಂದಿಟ್ಟೆ. ಅವಳು ಹಸುಗಳ ಮೇಲೆ ಬೆರಳಾಡಿಸಿದಳು, ತುಂಬ ಚೆನ್ನಾಗಿದೆ ಎಂದಳು, ಆಮೇಲೆ ಮೆಲ್ಲಗೆ, ಇದು ಇಲ್ಲೇ ಇರಲಿ ಎಂದಳು. ಅವರೂರಿನಲ್ಲಿ ಜಗಳವಾಡಿದರೂ ಕಿವಿ ಕೇಳುತ್ತದೆ, ಇದರ ಅಗತ್ಯ ಬೀಳುವುದಿಲ್ಲ, ನಿನ್ನ ಹತ್ತಿರವೇ ಇಟ್ಟುಕೋ ಎಂದು.

ನನ್ನ ಕೆಲಸ ಬೇಡ ಎಂದ ಹಾಗೆ ಕೇಳಿಸಿತು ನನಗೆ. ಹಾಗಾದರೆ ಹೋಗು, ಅವರು ಬೈಯುವುದನ್ನೆಲ್ಲ ಕಿವಿ ತುಂಬ ಕೇಳಿಕೊಂಡಿರು ಎಂದೆ. ಅವಳು ಮೂಗು ಕೆಂಪಗೆ ಮಾಡಿಕೊಂಡು ಒಂದು ಮಾತು ಶುರುಮಾಡಿದಳು. ಮೊದಲರ್ಧ ಕೇಳಿತು, ಉಳಿದರ್ಧ ಕೇಳಲಿಲ್ಲ. ಅವಳ ತುಟಿ ಅಲ್ಲಾಡುತ್ತಿತ್ತು. ನಾನು ಬಾಯಿ ತೆರೆದೆ, ಅವಳು ಕಿವಿ ಮುಟ್ಟಿಕೊಂಡಳು. ಇಬ್ಬರೂ ದಿಗ್ಭ್ರಮೆಯಿಂದ ಒಬ್ಬರನ್ನೊಬ್ಬರು ನೋಡಿದೆವು. ನಮ್ಮಿಬ್ಬರ ನಡುವೆ ಇದು ಮೊದಲನೆಯ ಸಲ. ಮಣೆಯನ್ನು ಅವಳು ಕೊನೆಗೂ ಒಯ್ಯಲಿಲ್ಲ, ಅದು ಬೇರೆ ಮಾತು. ಈಗ ಸುಗುಣ ಅದರ ಗುಳಿಗಳಲ್ಲಿ ಬಾಳಕದ ಮೆಣಸಿನಕಾಯಿ ಒಣಗಿಸುತ್ತಾಳೆ.

ಮಾರನೆಯ ಬೆಳಿಗ್ಗೆಯೇ ಆಡಲು ಕೂತೆವು. ನನಗೇನೂ ಆತಂಕವಿರಲಿಲ್ಲ. ಊರಿಗೆ ಮಣೆ ಮಾಡುವವನು ನಾನು, ಒಂದು ಗಂಟೆಯ ಕೆಲಸ ಎಂದುಕೊಂಡೆ. ಆಟ ಮುಗಿಯಿತು, ಅವಳು ಗೆದ್ದಳು. ಅವಳು ಏನೋ ಹೇಳಿದಳು. ಕೇಳಲಿಲ್ಲ. ಇನ್ನೊಂದು ಆಡಿದೆವು. ಅದೂ ಅಷ್ಟೇ. ಸಂಜೆ ಇನ್ನೆರಡು. ಬಾಗಿಲ ಬಳಿ ಅಕ್ಕಿ ಆರಿಸುತ್ತ ಕೂತಿದ್ದ ಸುಗುಣ ನನ್ನ ಕಡೆ ನೋಡಿ, ಅವಳಿಗೆ ಬಿಟ್ಟುಕೊಡುತ್ತಿದ್ದೀರಿ ಎಂದಳು. ನಾನು ಹೌಹಾರಿದೆ. ಬೇಕೆಂದು ಮಾಡಿದ್ದಲ್ಲ. ಇಪ್ಪತ್ತು ವರ್ಷದ ರೂಢಿ, ಕೈ ತಾನಾಗಿ ತುಂಬಿದ ಗುಳಿಯನ್ನು ಅವಳೆದುರಿಗೆ ಇಟ್ಟುಬಿಡುತ್ತಿತ್ತು. ಮೂರನೆಯ ದಿನ, ನಾಲ್ಕನೆಯ ದಿನ ಕೈಯನ್ನು ಎಷ್ಟು ಬಿಗಿಹಿಡಿದರೂ ಆಟ ಒಂದು ಹಂತಕ್ಕೆ ಬಂದಾಗ ಅವಳ ಮುಖ ನೋಡುವುದು, ಕೈ ಜಾರುವುದು.

ಈ ನಡುವೆ ಮಾತೆಲ್ಲ ಸುಗುಣನ ಮೂಲಕ. ಸುಗುಣ ಮಿತಭಾಷಿ. ವಾರಿಜಾ ಕೈಬಾಯಿ ಆಡಿಸುತ್ತ ಎರಡು ನಿಮಿಷ ಮಾತಾಡಿದರೆ ಸುಗುಣ ನನ್ನ ಕಡೆ ತಿರುಗಿ ಚಪ್ಪರಕ್ಕೆ ಹೇಳಿ ಆಯಿತಾ ಎಂದು ಕೇಳುತ್ತಾಳೆ ಎನ್ನುವಳು. ನಾನು ನನ್ನ ಹೊಟ್ಟೆಯುರಿಯನ್ನೆಲ್ಲ ಹೇಳಿಕೊಂಡರೆ, ಹೇಳಿ ಆಯಿತಂತೆ ಎನ್ನುವಳು. ಮದುವೆ ಮನೆ ಹಾಗೆಯೇ ನಡೆಯಿತು. ಮಗಳ ದನಿಯಿಲ್ಲದ ಮನೆ ಎಂದರೆ ಏನು ಎಂಬುದು ಅವಳು ಮನೆಯಲ್ಲಿ ಇರುವಾಗಲೇ ನನಗೆ ತಿಳಿದುಹೋಯಿತು.

ಐದನೆಯ ದಿನ ಗಟ್ಟಿಮನಸ್ಸು ಮಾಡಿದೆ. ಅವಳ ಮುಖ ಕಾಣದ ಹಾಗೆ ತಲೆ ತಗ್ಗಿಸಿ, ಎದುರಿಗೆ ಕೂತವನು ಬೋರಣ್ಣ ಎಂದುಕೊಂಡು ಆಡಿದೆ. ಒಂದು ಗುಳಿಯನ್ನೂ ಬಿಡಲಿಲ್ಲ. ಮೂರನೆಯ ಸುತ್ತಿಗೆ ಅವಳ ಏಳು ಗುಳಿಗೂ ಕಡ್ಡಿ ಬಿತ್ತು. ಗೆದ್ದೆ. ತಲೆಯೆತ್ತಿ ನೋಡಿದರೆ ಅವಳು ನಗುತ್ತ ಏನೋ ಹೇಳುತ್ತಿದ್ದಳು. ಏನೂ ಕೇಳಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಆಗ. ಎದ್ದು ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಸುಗುಣ ಬಂದಳು.

"ಈ ಸಲ ನೀವು ಸರಿಯಾಗಿ ಆಡಿದ್ರಿ," ಅಂದಳು. "ಅವಳು ಆಡ್ಲಿಲ್ಲ."

"ಅವಳ್ಯಾಕೆ ಆಡಲ್ಲ?"

"ಅವಳು ನಿಮ್ ಜೊತೆ ಆಡಿ ಹನ್ನೆರಡು ವರ್ಷ ಆಯ್ತು ಕಣ್ರೀ. ನೀವು ಕೊಟ್ಟಾಗ ತಗೊಳ್ತಾಳೆ. ಕೊಡ್ದೇ ಇದ್ದಾಗ ಸುಮ್ನಿರ್ತಾಳೆ."

ನನಗೆ ಅರ್ಥವಾಗಲಿಲ್ಲ ಎಂದು ಅವಳಿಗೆ ಗೊತ್ತಾಯಿತು. ಅಷ್ಟು ಮಾತಾಡುವವಳಲ್ಲ, ಆದರೂ ನನ್ನ ಪಕ್ಕದಲ್ಲಿ ಕೂತು ಪೂರ್ತಿ ಹೇಳಿದಳು. ವಾರಿಜಾಗೆ ಹನ್ನೊಂದು ವರ್ಷವಿದ್ದಾಗ ಒಂದು ಸಂಜೆ ನಾನು ಬಿಟ್ಟುಕೊಡದೆ ಇದ್ದ ಆಟದಲ್ಲಿ ಅವಳು ನನ್ನನ್ನು ಸೋಲಿಸಿದಳಂತೆ. ಸ್ವಂತ ಬುದ್ಧಿಯಿಂದ, ಕಣ್ಣೆದುರೇ. ಬೀದಿಯವರು ನಾಲ್ಕು ಜನ ನೋಡಿ ನಕ್ಕರಂತೆ. ನಾನೂ ನಕ್ಕೆನಂತೆ. ಆಮೇಲೆ ನಾನು ಮರಗೆಲಸ ಮಾಡುವ ಕೊಟ್ಟಿಗೆಗೆ ಹೋಗಿ ಕೀಸುಳಿ ಹಿಡಿದು, ಒಂದು ಒಳ್ಳೆಯ ಹಲಗೆಯನ್ನು ಹಪ್ಪಳದಷ್ಟು ತೆಳ್ಳಗಾಗುವವರೆಗೆ ಕೀಸಿ ಕೀಸಿ ಸೀಳಿಬಿಟ್ಟೆನಂತೆ. ಊಟಕ್ಕೆ ಕರೆದರೆ ಹಸಿವಿಲ್ಲ ಎಂದೆನಂತೆ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ ಹುಡುಗಿ ಒಳಗೆ ಬಂದು ಅಮ್ಮನ ಹತ್ತಿರ, ಅಪ್ಪನಿಗೆ ಕೊಡೋದಕ್ಕೆ ಬರತ್ತೆ, ಸೋಲೋದಕ್ಕೆ ಬರಲ್ಲ ಎಂದಳಂತೆ.

ಇಷ್ಟು ಹೇಳಿ ಸುಗುಣ ಒಳಗೆ ಹೋದಳು. ಇಲ್ಲ, ಹಾಗೆಲ್ಲ ನಡೆದಿಲ್ಲ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ. ಆದರೆ ಆ ಸೀಳಿದ ಹಲಗೆ ನನಗೆ ನೆನಪಿತ್ತು. ಹುಳ ಹಿಡಿದ ಮರ ಎಂದು ಎಲ್ಲರಿಗೂ ಹೇಳಿದ್ದೆ, ನನಗೆ ನಾನೂ ಹಾಗೆಯೇ ಹೇಳಿಕೊಂಡಿದ್ದೆ. ಇಪ್ಪತ್ತಮೂರು ವರ್ಷ ಮಗಳೊಡನೆ ಜಗಳವೇ ಆಗಿಲ್ಲ ಎಂದು ಕಟ್ಟೆಯ ಮೇಲೆ ಕೊಚ್ಚಿಕೊಂಡೆನಲ್ಲ, ಅದು ನನ್ನ ಒಳ್ಳೆಯತನದಿಂದ ಆಗಿರಲಿಲ್ಲ. ಅವಳು ನನ್ನ ಸುತ್ತ ಕಾಲ ತುದಿಯಲ್ಲಿ ನಡೆದಿದ್ದಳು. ನಾಚಿಕೆಯಾಯಿತು. ಅಳುವೂ ಬಂತು, ಸುಳ್ಳು ಯಾಕೆ ಹೇಳಲಿ.

ಆರನೆಯ ದಿನ ಸುಗುಣನ ಕೈಯಲ್ಲಿ ಹೇಳಿಕಳಿಸಿದೆ: ನನ್ನನ್ನು ಸೋಲಿಸು, ನಾನೇನೂ ಅಂದುಕೊಳ್ಳುವುದಿಲ್ಲ. ಸುಗುಣ ಹೋಗಿ ಬಂದು, ಹೂಂ ಅಂತೆ ಎಂದಳು. ಆಡಿದೆವು. ಅವಳ ಕೈ ಹನ್ನೆರಡು ವರ್ಷದಲ್ಲಿ ಪಳಗಿಹೋಗಿತ್ತು. ಈಗ ನನ್ನ ಕಣ್ಣು ತೆರೆದಿದ್ದರಿಂದ ಎಲ್ಲ ಕಾಣುತ್ತಿತ್ತು. ಎಲ್ಲಿ ಎತ್ತಿಕೊಂಡರೆ ನನ್ನ ಒಂಬತ್ತು ಬೀಜ ಅವಳ ಮಡಿಲಿಗೆ ಬೀಳುತ್ತದೋ, ಅದರ ಪಕ್ಕದ ಗುಳಿಯನ್ನೇ ಎತ್ತಿಕೊಳ್ಳುತ್ತಿದ್ದಳು. ಎಷ್ಟು ಚಂದವಾಗಿ ತಪ್ಪುತ್ತಿದ್ದಳೆಂದರೆ, ಅಷ್ಟು ತಪ್ಪಬೇಕಾದರೆ ನನಗಿಂತ ಎರಡು ಪಾಲು ಚೆನ್ನಾಗಿ ಆಡಲು ಬರಬೇಕು. ಅಂದುಕೊಳ್ಳುವುದಿಲ್ಲ ಎಂದು ನಾನು ಹೇಳಿದ್ದನ್ನು ಅವಳು ನಂಬಿರಲಿಲ್ಲ. ನಂಬಬೇಕಾದರೂ ಯಾಕೆ? ಏಳು ಮತ್ತು ಎಂಟನೆಯ ದಿನಗಳು ನೆಂಟರಿಷ್ಟರು, ಚಪ್ಪರ, ಅರಿಶಿನ, ಅಡುಗೆಯವರ ನಡುವೆ ಕಳೆದುಹೋದವು. ಆಡಲು ಕೂತದ್ದು ಎರಡೇ ಸಲ, ಎರಡೂ ವ್ಯರ್ಥ.

ಧಾರೆಯ ಹೊತ್ತಿನಲ್ಲಿ ಅವಳ ಕೈ ಹಿಡಿದು ತ್ರಿಯಂಬಕನ ಕೈಗೆ ಇಡುವಾಗ ಅವಳು ನನ್ನ ಕಡೆ ಬಾಗಿ ಏನೋ ಹೇಳಿದಳು. ಅಂಥ ಗಳಿಗೆಯಲ್ಲಿ ಮಗಳು ಹೇಳಿದ ಮಾತು. ನನಗೆ ಕೇಳಿಸಿದ್ದು ಓಲಗ ಮಾತ್ರ. ನಾನು ತಲೆಯಾಡಿಸಿದೆ, ಅವಳು ಮುಖ ಆಚೆ ತಿರುಗಿಸಿದಳು. ಅವಳು ಸೇತುವೆ ದಾಟುವ ಮೊದಲು ಇನ್ನೊಂದು ಆಟ ಆಡಿಯೇ ತೀರಬೇಕೆಂದು ಆಗಲೇ ನಿಶ್ಚಯ ಮಾಡಿದೆ. ಊಟವಾಗಿ, ಹುಡುಗನ ಕಡೆಯವರು ವ್ಯಾನಿಗೆ ಸಾಮಾನು ಏರಿಸುತ್ತಿದ್ದಾಗ ಚಪ್ಪರದ ನಡುವೆ ಮಣೆ ಇಟ್ಟು, ಒಂದು ಕಡೆ ಕೂತು, ಎದುರಿಗೆ ಕೈ ತೋರಿಸಿದೆ. ಅವಳು ಸುಗುಣನ ಮುಖ ನೋಡಿದಳು. ರೇಷ್ಮೆ ಸೀರೆ, ದಂಡೆ, ಬಾಸಿಂಗ ಎಲ್ಲ ಇದ್ದ ಹಾಗೆಯೇ ಬಂದು ಕೂತಳು. ತ್ರಿಯಂಬಕನ ಸೋದರಮಾವ, ಇದು ನಿಮ್ಮ ಕಡೆಯ ಶಾಸ್ತ್ರವೋ ಎಂದು ಕೇಳಿದರು. ಹೌದು ಎಂದೆ. ಎಷ್ಟು ಹೊತ್ತಿನ ಶಾಸ್ತ್ರ ಎಂದರು. ನಾನು ಬೀಜದ ಚೀಲ ಬಿಚ್ಚಿದೆ.

ಈ ಸಲ ನಾನು ಅಪ್ಪನಂತೆ ಆಡಲಿಲ್ಲ. ಕಟ್ಟೆಯ ಮೇಲೆ ಬೋರಣ್ಣನ ಜೊತೆ ಹೇಗೆ ಆಡುತ್ತೇನೋ ಹಾಗೆ, ಪೂರ್ತಿ ಪುಂಡನಂತೆ ಆಡಿದೆ. ಅವಳು ಕಟ್ಟಿಕೊಳ್ಳುವ ಮೊದಲೇ ಅವಳ ಹಸುವಿನ ಗುಳಿಗೆ ಐದನೆಯ ಬೀಜ ಹಾಕಿ ಕೆಡಿಸಿದೆ. ಅವಳ ಬೀಜ ಬಾಚುವಾಗ ಒಂದೊಂದನ್ನೇ ಅವಳ ಕಣ್ಣೆದುರು ಎಣಿಸಿದೆ. ಮೊದಲ ಸುತ್ತು ಮುಗಿದಾಗ ಅವಳ ಎರಡು ಗುಳಿಗೆ ಕಡ್ಡಿ ಇಡಬೇಕಾಯಿತು. ಅದನ್ನು ಅವಳೇ ಇಟ್ಟುಕೊಳ್ಳಬೇಕಾದದ್ದು ಕ್ರಮ. ನಾನು ಕೈ ಚಾಚಿ ನಾನೇ ಇಟ್ಟೆ, ಇಟ್ಟು ಮೇಲೊಂದು ಬೆರಳು ಬಡಿದೆ, ಬಡಿದು ಸುತ್ತ ನಿಂತ ನೆಂಟರ ಕಡೆ ನೋಡಿ ಹುಬ್ಬು ಹಾರಿಸಿದೆ. ಎರಡನೆಯ ಸುತ್ತಿನಲ್ಲಿ ಇನ್ನೊಂದು ಗುಳಿ ಹೋಯಿತು. ಅದಕ್ಕೆ ಕಡ್ಡಿ ಇಡುವಾಗ ಅವಳ ಮೂಗನ್ನೇ ನೋಡುತ್ತ ಮೀಸೆ ತಿರುವಿದೆ. ಸುಗುಣ ಹಿಂದಿನಿಂದ, ಮದುವೆ ಮನೆ ಕಣ್ರೀ, ಸಾಕು ಎಂದಳು. ವಾರಿಜಾಳ ಮೂಗಿನ ತುದಿ ಕೆಂಪಗಾಯಿತು. ಅವಳು ಬಾಸಿಂಗ ಬಿಚ್ಚಿ ಪಕ್ಕಕ್ಕಿಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ನಾಲ್ಕೇ ಗುಳಿ ಅವಳದು, ನನ್ನವು ಏಳು. ಮೂಲೆಯ ಗುಳಿಯ ಮೂರು ಬೀಜ ಎತ್ತಿಕೊಂಡು ಹೊರಟಳು. ನನ್ನ ಸಾಲಿಗೆ ಬಂದಳು, ಮುಂದಿನದನ್ನು ಎತ್ತಿದಳು, ಒಂದು ಸುತ್ತು ಹಾಕಿದಳು, ಇನ್ನೊಂದನ್ನು ಎತ್ತಿದಳು. ಕೊನೆಯ ಬೀಜ ಬಿದ್ದ ಕಡೆ ಮುಂದಿನ ಗುಳಿ ಖಾಲಿ, ಅದರಾಚೆ ನಾನು ಮೂರು ಸರದಿಯಿಂದ ಜೋಪಾನ ಮಾಡಿಕೊಂಡು ಬಂದಿದ್ದ ಹನ್ನೊಂದು ಬೀಜ. ಹನ್ನೊಂದನ್ನೂ ಬಾಚಿದಳು. ಅದನ್ನು ಅವಳು ಮೊದಲಿನಿಂದ ಕಂಡಿದ್ದಳು, ನಾನು ಕಂಡಿರಲಿಲ್ಲ. ಮೂರನೆಯ ಸುತ್ತು ಅವಳದಾಯಿತು. ನಾಲ್ಕನೆಯದರಲ್ಲಿ ನಾನು ನನಗೆ ಗೊತ್ತಿದ್ದ ಒಳದಾರಿಗಳನ್ನೆಲ್ಲ ಹಿಡಿದೆ, ಎಲ್ಲ ದಾರಿಯ ಕೊನೆಗೂ ಅವಳು ಆಗಲೇ ಬಂದು ಕೂತಿದ್ದಳು. ಹೊರಗೆ ವ್ಯಾನಿನವನು ಹಾರ್ನ್ ಹೊಡೆದ. ಸೋದರಮಾವ ಕೈಗಡಿಯಾರ ನೋಡಿಕೊಂಡು ಏನೋ ಅನ್ನಲು ಬಂದರು. ತ್ರಿಯಂಬಕ ಅವರ ತೋಳು ಹಿಡಿದು, ಮುಗೀಲಿ ಬಿಡಿ ಮಾವ ಎಂದ. ನನ್ನ ಗುಳಿಗಳಿಗೆ ಒಂದೊಂದಾಗಿ ಕಡ್ಡಿ ಬಿತ್ತು. ಅವನ್ನು ಇಟ್ಟವಳು ಅವಳೇ, ಬೆರಳು ಬಡಿದೇ ಇಟ್ಟಳು.

ಐದನೆಯ ಸುತ್ತು ಮುಗಿದಾಗ ನನ್ನ ಕೈಯಲ್ಲಿ ನಾಲ್ಕು ಬೀಜ ಉಳಿದಿದ್ದವು. ಒಂದು ಗುಳಿಗೂ ಸಾಲದು. ನೆಂಟರೆದುರಿಗೆ, ಹೊಸ ಅಳಿಯನೆದುರಿಗೆ, ನಾನೇ ಮಾಡಿದ ಮಣೆಯ ಮೇಲೆ ಸೋತಿದ್ದೆ. ಆಗ ನನಗೆ ಸಂತೋಷವಾಯಿತು ಎಂದು ಹೇಳಿದರೆ ನೀವು ಮೆಚ್ಚುತ್ತೀರಿ, ಆದರೆ ಆಗಲಿಲ್ಲ. ಹೊಟ್ಟೆಯಿಂದ ಕಿವಿಯವರೆಗೆ ಸಿಟ್ಟು ಏರಿತು. ಎದ್ದು ಕೊಟ್ಟಿಗೆಗೆ ಹೋಗಬೇಕು, ಕೈಗೆ ಏನು ಸಿಕ್ಕಿತೋ ಅದನ್ನು ಕೀಸಿ ಹಾಕಬೇಕು ಎನಿಸಿತು. ಎರಡು ಕೈಯಲ್ಲೂ ಮೊಣಕಾಲು ಒತ್ತಿ ಹಿಡಿದುಕೊಂಡೆ. ಏಳಲಿಲ್ಲ. ವಾರಿಜಾ ನನ್ನನ್ನೇ ನೋಡುತ್ತಿದ್ದಳು, ಹನ್ನೊಂದು ವರ್ಷದ ಹುಡುಗಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡಿದ್ದೂ ಹೀಗೇ ಇರಬೇಕು. ನಾನು ಕೈಯಲ್ಲಿದ್ದ ನಾಲ್ಕು ಬೀಜಗಳನ್ನು ಅವಳ ಮುಂದೆ ಇಟ್ಟೆ.

ನಗು ಕೇಳಿತು. ನಡುವಿನಿಂದ ಕೇಳಿತು, ಅಂದರೆ ಅವಳು ಆಗಲೇ ನಗಲು ಶುರುಮಾಡಿದ್ದಳು. ಗಂಟಲು ಬಿಟ್ಟು, ತಲೆ ಹಿಂದಕ್ಕೆ ಹಾಕಿ, ಮದುಮಗಳು ಎಂಬ ನಾಚಿಕೆಯೂ ಇಲ್ಲದೆ ನಗುತ್ತಿದ್ದಳು. ಗೆದ್ದವಳ ನಗು. ನಾನು ಬಿಟ್ಟುಕೊಟ್ಟಾಗ ಅವಳು ಎಷ್ಟೋ ಸಲ ನಕ್ಕಿದ್ದಳು, ಅದು ಇದಲ್ಲ. ಇಂಥ ನಗು ಇವಳ ಹತ್ತಿರ ಇದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ.

ಸಿಟ್ಟು ಇನ್ನೂ ಇಳಿದಿರಲಿಲ್ಲ. ಆ ಸಿಟ್ಟಿನಲ್ಲೇ ಹೇಳಿದೆ, "ನಗ್ಬೇಡ. ಇನ್ನೊಂದಾಟ ಹಾಕು."

ಅವಳಿಗೂ ಕೇಳಿತು. ನಗು ನಿಂತಿತು. ಬಗ್ಗಿ ನನ್ನ ಮುಖವನ್ನು ಚೆನ್ನಾಗಿ ನೋಡಿದಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಹೊತ್ತಾಯ್ತಪ್ಪ," ಅಂದಳು. "ಹೊರಡ್ಬೇಕು."

ಒಂಬತ್ತು ದಿನದ ಮೇಲೆ ನನಗೆ ಕೇಳಿಸಿದ ಅವಳ ಮೊದಲ ಮಾತು. ಅದೇ ದನಿ, ಕೊನೆಯಲ್ಲಿ ಸ್ವಲ್ಪ ಒಡೆಯುವ ದನಿ. ಕೇಳಿದ ಖುಷಿಯಲ್ಲಿ ಹೂಂ, ಹೂಂ ಎಂದು ತಲೆಯಾಡಿಸುತ್ತ, ಕಡ್ಡಿಗಳನ್ನು ತೆಗೆದು, ಗುಳಿಗೆ ಐದರಂತೆ ಬೀಜ ತುಂಬತೊಡಗಿದೆ. ಅವಳ ಕಡೆಯ ಏಳು ಗುಳಿ ತುಂಬಿ, ನನ್ನ ಕಡೆಯ ಏಳೂ ತುಂಬಿ ತಲೆಯೆತ್ತಿದ ಮೇಲೆಯೇ ಅವಳು ಏನು ಹೇಳಿದ್ದಳು ಎನ್ನುವುದು ನನಗೆ ತಿಳಿದದ್ದು.